14 ತಿಂಗಳು, ಬಾಹ್ಯಾಕಾಶದ ಇಲಿಗಳ ಜೊತೆ: ಒಂದು ಉಚಿತ ತರಬೇತಿ ಮುಗಿಸಿದವಳ ಮಾತು

ಈ ತರಬೇತಿಯ ಮೇಲೆ ನನಗೊಂದು ಸಿಟ್ಟಿದೆ. ಆ ಸಿಟ್ಟಿಗೇ ಇಷ್ಟುದ್ದ ಬರೆಯುತ್ತಿದ್ದೇನೆ. ಎಷ್ಟು ಪಾಠ, ಎಷ್ಟು ವಾರ, ಯಾರ್ಯಾರು ಸೇರಬಹುದು ಅನ್ನುವುದೆಲ್ಲ ತರಬೇತಿ ನಡೆಸುವವರ ಪುಟದಲ್ಲೇ ಇದೆ, ನೋಡಿಕೊಳ್ಳಿ. ಬಾಹ್ಯಾಕಾಶಕ್ಕೆ ಹೋಗಿಬಂದ ಇಲಿ, ಗಿಡ, ಜೀವಕೋಶಗಳ ಡೇಟಾ ಇಟ್ಟುಕೊಂಡು ಮಷಿನ್ ಲರ್ನಿಂಗ್, ಅಂದರೆ ಡೇಟಾದೊಳಗಿನ ವಿನ್ಯಾಸವನ್ನು ಕಂಪ್ಯೂಟರ್‌ನಿಂದ ಹುಡುಕಿಸುವುದನ್ನ, ಹೇಳಿಕೊಡುತ್ತಾರೆ. ಫೀಸಿಲ್ಲ. ಡೇಟಾ ನಾಸಾದ ಜೀನ್‌ಲ್ಯಾಬ್‌ನದು, ಬಾಹ್ಯಾಕಾಶದ ಜೀವಪ್ರಯೋಗಗಳ ಡೇಟಾ ಕೂಡಿಡುವ ಜಾಗ. ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ನಾವೂ ನೀವೂ ಕೂಡ.

ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಮನೆ ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ, ಕೆಲಸ ಶಿವಮೊಗ್ಗದಲ್ಲಿ. ನಮಗೆ ವರ್ಷದ ಎಲ್ಲ ತಿಂಗಳೂ ಸಂಬಳ ಇರುವುದಿಲ್ಲ. ಹಾಗಾಗಿ 'ಉಚಿತ' ಅಂತ ಕಂಡರೆ ಕಣ್ಣು ಅಲ್ಲೇ ನಿಲ್ಲುತ್ತದೆ. ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್, ರ‍್ಯಾಮ್ 4 ಜಿಬಿ. ಅದರ ಬಗ್ಗೆ ಹೆದರಬೇಡಿ. ಕೋಡ್ ಎಲ್ಲ ಬ್ರೌಸರ್ ಒಳಗೇ, ಎಲ್ಲೋ ದೂರದ ಕಂಪ್ಯೂಟರ್‌ನಲ್ಲಿ ಓಡುತ್ತದೆ. ನಮ್ಮದು ಬರೀ ಕಿಟಕಿ.

ಕಿಟಕಿ ಅಂದೆ ನೋಡಿ, ನಮ್ಮಲ್ಲಿ ಸಿಗ್ನಲ್ ಸಿಗುವುದೂ ಉಪ್ಪರಿಗೆಯ ಒಂದೇ ಕಿಟಕಿಯಲ್ಲಿ. ಅಲ್ಲೊಂದು ಮೊಳೆ ಹೊಡೆದು, ಬಟ್ಟೆ ಚೀಲದಲ್ಲಿ ಫೋನ್ ತೂಗುಹಾಕಿ, ಹಾಟ್‌ಸ್ಪಾಟ್ ಆನ್ ಮಾಡಿ, ಕೆಳಗೆ ಚಾಪೆ ಹಾಕಿ ಕೂರುತ್ತೇನೆ. ಪಕ್ಕದಲ್ಲಿ ಲೋಟದ ತುಂಬ ಕೊತ್ತಂಬರಿ-ಜೀರಿಗೆ ಕಷಾಯ. ಗಾಳಿಗೆ ಚೀಲ ತಿರುಗಿದರೆ ಪಾಠ ಹೇಳುವವರ ಬಾಯಿ ತೆರೆದಲ್ಲೇ ನಿಲ್ಲುತ್ತದೆ. ಎದ್ದು ಚೀಲ ತಿರುಗಿಸಿ ಮತ್ತೆ ಕೂರುವುದು. ಎರಡನೇ ವಾರಕ್ಕೆ ಅದು ಕೈಗೆ ಅಭ್ಯಾಸವಾಗಿಬಿಟ್ಟಿತು.

ಲೈವ್ ಕ್ಲಾಸ್ ಅಮೆರಿಕದಲ್ಲಿರುವ ಅವರಿಗೆ ಮಧ್ಯಾಹ್ನ ಒಂದು ಗಂಟೆಗೆ, ನಮಗೆ ರಾತ್ರಿ 11:30ಕ್ಕೆ. ನಾನು ಸೇರಿದ್ದು 2024ರ ನವೆಂಬರ್‌ನಲ್ಲಿ, ಸರಿಯಾಗಿ ಅಡಿಕೆ ಸುಲಿಯುವ ಕಾಲ. ಕೆಳಗೆ ಅತ್ತೆ, ಪಕ್ಕದ ಮನೆಯವರು ಎಲ್ಲ ಮೆಟ್ಟುಗತ್ತಿ ಇಟ್ಟುಕೊಂಡು ಹನ್ನೊಂದರವರೆಗೂ ಕೂತಿರುತ್ತಾರೆ. ನಾನೂ ಅಲ್ಲಿವರೆಗೆ ಸುಲಿದು, ಕೈ ತೊಳೆದು ಮೇಲೆ ಹತ್ತುವುದು. ಚೊಗರಿನ ಕಲೆ ಮಾತ್ರ ಹೋಗುವುದಿಲ್ಲ. ನನ್ನ ಕೀಬೋರ್ಡಿನ ಎಂಟರ್ ಕೀ ಈಗಲೂ ಕಂದು ಬಣ್ಣ.

ಮಾರ್ಚ್‌ನಲ್ಲಿ ಒಂದು ಕ್ಲಾಸ್ ತಪ್ಪಿತು. ಅಮೆರಿಕದವರು ಆ ತಿಂಗಳು ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸುತ್ತಾರಂತೆ. ನಾನು 11:30ಕ್ಕೆ ಹೋದರೆ ಎಲ್ಲರೂ ಟಾಟಾ ಮಾಡುತ್ತಿದ್ದರು. ನೀವು ಸೇರುವುದಾದರೆ ಮಾರ್ಚ್ ಎರಡನೇ ಭಾನುವಾರದಿಂದ 10:30 ಅಂತ ಕ್ಯಾಲೆಂಡರಿನಲ್ಲಿ ಬರೆದಿಡಿ.

ಕನ್ನಡ ಸಬ್‌ಟೈಟಲ್ ನಂಬಬೇಡಿ. ಯಂತ್ರ ಮಾಡಿದ ಅನುವಾದ. ಇಡೀ ಒಂದು ಪಾಠದಲ್ಲಿ ಇಲಿಯ ಪಿತ್ತಜನಕಾಂಗ ಹೋಗಿ 'ಮೌಸ್‌ನ ಲಿವರ್' ಆಗಿ, ನನ್ನ ಟೇಬಲ್ ಮೇಲಿನ ಮೌಸ್ ನೋಡುವಂತಾಯಿತು. ವಿಡಿಯೊಗಳನ್ನು ಇಳಿಸಿಕೊಂಡು ಬಸ್ಸಿನಲ್ಲಿ ನೋಡುವುದೇ ಒಳ್ಳೆಯದು. ತೀರ್ಥಹಳ್ಳಿ ಬಿಟ್ಟರೆ ಮಂಡಗದ್ದೆಗೆ ಒಂದು, ಸಕ್ರೆಬೈಲು ದಾಟುವಷ್ಟರಲ್ಲಿ ಇನ್ನೊಂದು ಮುಗಿಯುತ್ತದೆ.

ಈಗ ಸಿಟ್ಟಿಗೆ ಬರುತ್ತೇನೆ.

ಅಲ್ಲಿ ಕೊಡುವ ನೋಟ್‌ಬುಕ್‌ಗಳು, ಅಂದರೆ ಬ್ರೌಸರಿನಲ್ಲಿ ತೆರೆಯುವ ಕೋಡ್ ಪುಟಗಳು, ತೀರಾ ಚೆಂದ. ಶಿಫ್ಟ್ ಒತ್ತಿ ಎಂಟರ್ ಒತ್ತಿದರೆ ಸಾಕು, ಚಿತ್ರ ಬರುತ್ತದೆ, ಉತ್ತರ ಬರುತ್ತದೆ. ರ‍್ಯಾಂಡಮ್ ಫಾರೆಸ್ಟ್ ಅಂತೆ, ಪಿಸಿಎ ಅಂತೆ, ಎಲ್ಲ ಒಂದೇ ಏಟಿಗೆ ಓಡುತ್ತದೆ. ಮೊದಲನೆಯದು ಯಾವ ಮಾದರಿ ಯಾವ ಗುಂಪಿನದು ಅಂತ ಊಹಿಸುವ ಲೆಕ್ಕ, ಎರಡನೆಯದು ಒಂದೇ ಥರದ ಮಾದರಿಗಳನ್ನು ಹತ್ತಿರ ಹತ್ತಿರದ ಚುಕ್ಕಿಗಳಾಗಿ ತೋರಿಸುವ ಚಿತ್ರ. ನಾಲ್ಕು ತಿಂಗಳು ನಾನು ಬಹಳ ಕಲಿತೆ ಅಂದುಕೊಂಡಿದ್ದೆ. ಕಲಿತದ್ದು ಎಂಟರ್ ಒತ್ತುವುದನ್ನ. ಯಾಕೆಂದರೆ ಅವರು ಕೊಟ್ಟ ಪಟ್ಟಿ ತೊಳೆದು, ಒಣಗಿಸಿ, ಆರಿಸಿ ಇಟ್ಟದ್ದು. ಯಾವ ಇಲಿ ಆಕಾಶಕ್ಕೆ ಹೋದದ್ದು, ಯಾವುದು ಭೂಮಿಯಲ್ಲಿ ಉಳಿದದ್ದು, ಅಷ್ಟೇ ಒಂದು ಕಾಲಂ. ಉಳಿದ ಕಾಲಂಗಳನ್ನೆಲ್ಲ ಕಿತ್ತು ಹಾಕಿದ್ದಾರೆ.

ಸರ್ಟಿಫಿಕೇಟ್ ಬಂದ ಮೇಲೆ ಒಂದು ಹುರುಪಿನಲ್ಲಿ ಕುಳಿತು ನಾನೇ ಮೂಲ ಡೇಟಾ ಇಳಿಸಿದೆ. 2014ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಇಲಿಗಳದು, ರೋಡೆಂಟ್ ರಿಸರ್ಚ್-1 ಅಂತ. ಅದೇ ಥರದ ಪಂಜರದಲ್ಲಿ, ಅದೇ ಉಷ್ಣತೆ, ಅದೇ ಗಾಳಿಯ ತೇವದಲ್ಲಿ ನೆಲದ ಮೇಲೂ ಒಂದಿಷ್ಟು ಇಲಿ ಸಾಕುತ್ತಾರೆ, ಹೋಲಿಸಿ ನೋಡುವುದಕ್ಕೆ. ಒಂದೊಂದು ಇಲಿಗೂ 20,000ಕ್ಕಿಂತ ಜಾಸ್ತಿ ಜೀನ್‌ಗಳ ಲೆಕ್ಕ, ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿತ್ತು ಅಂತ. ಇಲಿ ಮಾತ್ರ ಬೆರಳೆಣಿಕೆ. ಪಿತ್ತಜನಕಾಂಗದ ಡೇಟಾ ಹಾಕಿ ಪಿಸಿಎ ಚಿತ್ರ ಬಿಡಿಸಿದೆ. ಎರಡು ಗುಂಪು! ಮಧ್ಯೆ ಗೆರೆ ಎಳೆದ ಹಾಗೆ ಬೇರೆ ಬೇರೆ. ರಾತ್ರಿ ಒಂದೂವರೆ. ಮನೆಯವರನ್ನ ಎಬ್ಬಿಸಿ ತೋರಿಸಿದೆ. ಅವರು ಒಂದು ಕಣ್ಣು ಬಿಟ್ಟು "ಹ್ಞೂಂ" ಅಂದು ಮಗ್ಗಲು ತಿರುಗಿಸಿದರು.

ಬೆಳಿಗ್ಗೆ ಆಕಾಶದ ಇಲಿಗೆ ನೀಲಿ, ನೆಲದ ಇಲಿಗೆ ಕಂದು ಬಣ್ಣ ಕೊಟ್ಟು ನೋಡುತ್ತೇನೆ, ಎರಡೂ ಗುಂಪಿನಲ್ಲಿ ಎರಡೂ ಬಣ್ಣ. ಅಂದರೆ ಗೆರೆ ಇದೆ, ಆದರೆ ಅದು ನಾನು ಅಂದುಕೊಂಡ ಗೆರೆ ಅಲ್ಲ.

ಮೂರು ವಾರ ಬೇಕಾಯಿತು. ಕೋಡ್ ತಪ್ಪಾ, ಫೈಲ್ ಅದಲುಬದಲಾ ಅಂತ ಹುಡುಕಿದ್ದೇ ಹುಡುಕಿದ್ದು. ಕೊನೆಗೆ ಮಾದರಿಗಳ ದೊಡ್ಡ ಪಟ್ಟಿ ತೆರೆದು ಒಂದೊಂದೇ ಕಾಲಂ ಓದಿದೆ. ಒಂದು ಕಡೆ ಇತ್ತು: ಇಲಿಯನ್ನು ಹೇಗೆ ಕಾಪಿಟ್ಟರು ಅಂತ. ಕೆಲವು ಇಲಿಗಳ ಅಂಗ ಕೂಡಲೇ ಬಿಡಿಸಿ ಹೆಪ್ಪುಗಟ್ಟಿಸಿದ್ದರು. ಇನ್ನು ಕೆಲವನ್ನು ಇಡಿಯಾಗಿಯೇ ಹೆಪ್ಪುಗಟ್ಟಿಸಿ, ಎಷ್ಟೋ ದಿನದ ಮೇಲೆ ಕರಗಿಸಿ ಬಿಡಿಸಿದ್ದರು. ಆ ಕಾಲಂಗೆ ಬಣ್ಣ ಕೊಟ್ಟೆ. ಎರಡು ಗುಂಪು, ಎರಡು ಬಣ್ಣ, ಒಂದು ಚುಕ್ಕಿ ಆಚೀಚೆ ಇಲ್ಲ.

ಇದು ನನ್ನ ಶೋಧ ಏನಲ್ಲ. 2020ರಲ್ಲೇ ಇದೇ ವಿಷಯದ ಪ್ರಬಂಧ ಬಂದಿದೆ, ಆಮೇಲೆ ಓದಿದೆ. ಜೀನ್ ಕೆಲಸ ಮಾಡುವಾಗ ತೆಗೆಯುವ ನಕಲು ಆರ್‌ಎನ್‌ಎ, ನಮ್ಮ ಲೆಕ್ಕವೆಲ್ಲ ಅದರದೇ. ಇಡೀ ಇಲಿ ನಿಧಾನಕ್ಕೆ ತಣ್ಣಗಾಗುವಾಗ ಒಳಗಿನ ಈ ಆರ್‌ಎನ್‌ಎ ತುಂಡಾಗುತ್ತದೆ. ಆರ್‌ಎನ್‌ಎಗೊಂದು ಬಾಲ ಇರುತ್ತದೆ, ಅಡಿನೀನ್ ಅನ್ನುವ ಒಂದೇ ಅಕ್ಷರದ ಸಾಲು. ಲೆಕ್ಕಕ್ಕೆ ಆರ್‌ಎನ್‌ಎ ಆರಿಸುವ ಒಂದು ವಿಧಾನದಲ್ಲಿ ಆ ಬಾಲ ಹಿಡಿದೇ ಎಳೆಯುತ್ತಾರೆ. ತುಂಡಾಗಿದ್ದರೆ ಕೈಗೆ ಬರುವುದು ಬಾಲದ ಕಡೆಯ ಚೂರು ಮಾತ್ರ. ಬಾಲ ಹಿಡಿಯದೆ, ಬೇಡದ ರೈಬೋಸೋಮಿನ ಆರ್‌ಎನ್‌ಎ ತೆಗೆದುಹಾಕುವ ಇನ್ನೊಂದು ವಿಧಾನದಲ್ಲಿ ಈ ತೊಂದರೆ ಕಡಿಮೆ. ಗುರುತ್ವ ಇಲ್ಲದಿದ್ದರೆ ಏನಾಗುತ್ತದೆ ಅಂತ ಕೇಳಿದರೆ, ಡೇಟಾ ಫ್ರೀಜರ್ ಕಥೆ ಹೇಳುತ್ತಿತ್ತು.

ಇಪ್ಪತ್ತು ವರ್ಷದಿಂದ ಡಿಸೆಕ್ಷನ್ ಟ್ರೇ ಮುಂದೆ ನಿಂತವಳು ನಾನು. ಸತ್ತ ಪ್ರಾಣಿ ಬಿಡಿಸುವುದು ತಡವಾದರೆ ಅಂಗಾಂಶ ಏನಾಗುತ್ತದೆ ಅಂತ ಗೊತ್ತಿಲ್ವಾ? ಗೊತ್ತು. ಆದರೆ ಸ್ಕ್ರೀನ್ ಮುಂದೆ ಕೂತಾಗ ಆ ಬುದ್ಧಿ ಓಡಲಿಲ್ಲ. ಓಡಬೇಕು ಅಂತ ಆ ಪಾಠದವರೂ ಒಂದು ಮಾತು ಹೇಳಲಿಲ್ಲ. ನನ್ನ ಸಿಟ್ಟು ಇದೇ.

ಅತ್ತೆಗೆ ಹೇಳಿದೆ. ಅವರು ಮೊದಲು "ಎಂತದು, ಅಟ್ಟದಲ್ಲಿ ಮತ್ತೆ ಇಲಿಯಾ?" ಅಂದರು. ಪೂರ್ತಿ ಕೇಳಿದ ಮೇಲೆ ಅಡಿಕೆ ಸುಲಿಯುವುದನ್ನೂ ನಿಲ್ಲಿಸಲಿಲ್ಲ. "ಅಡಿಕೆ ತಂದವನ ಹತ್ತಿರ ಮೊದಲು ಕೇಳುವುದೇ ಅದನ್ನಲ್ವಾ ಮಾರಾಯ್ತಿ, ಚಪ್ಪರದ ಮೇಲಿದ್ದಾಗ ಮಳೆಗೆ ಸಿಕ್ಕಿತ್ತಾ ಅಂತ. ಆಮೇಲೆ ತೋಟದ ವಿಷಯ." ನನ್ನ ಮೂರು ವಾರ ಅಲ್ಲಿಗೆ ಮುಗಿಯಿತು.

ನಿಜ ಹೇಳಬೇಕೆಂದರೆ ಆ ಮೂರು ವಾರದಷ್ಟು ಖುಷಿ ನನಗೆ ಈಚೆಗೆ ಯಾವುದರಲ್ಲೂ ಸಿಕ್ಕಿಲ್ಲ. ಪಟ್ಟಿ ತೆರೆಯುವಷ್ಟು, ಬಣ್ಣ ಬದಲಿಸುವಷ್ಟು ಕೈ ಬಂದದ್ದು ಇದೇ ತರಬೇತಿಯಿಂದ, ಅದನ್ನ ಇಲ್ಲ ಅನ್ನುವುದಿಲ್ಲ. ಹಾಗಾಗಿ ಐದಕ್ಕೆ ಎರಡು ಕೊಡಬೇಕು ಅಂತ ಬರೆಯಲು ಕೂತವಳು ಮೂರೂವರೆಗೆ ಬಂದಿದ್ದೇನೆ.

ಕಾಲೇಜಿಗೂ ಉಪಯೋಗಕ್ಕೆ ಬಂತು. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರ ಹೆಸರುಕಾಳು, ಮೆಂತ್ಯ ಮೊಳಕೆಯ ಪ್ರಯೋಗವೂ ಹೋಗಿತ್ತಲ್ಲ, ಮಕ್ಕಳು ನಾವೂ ಮಾಡೋಣ ಅಂದರು. ಎರಡು ತಟ್ಟೆ ಹೆಸರುಕಾಳು ಇಟ್ಟೆವು, ಒಂದು ಕತ್ತಲಲ್ಲಿ, ಒಂದು ಬೆಳಕಲ್ಲಿ. ಕತ್ತಲ ತಟ್ಟೆ ಪೂರಾ ಕೊಳೆಯಿತು. "ಮೇಡಂ, ಕತ್ತಲಿಗೆ ಕೊಳೀತು" ಅಂದ ಒಬ್ಬ. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ "ಅದಕ್ಕೆ ನೀರು ಹಾಕಿದ್ದು ಇವನೇ ಮೇಡಂ, ದಿನಾ ಒಂದು ಚೊಂಬು" ಅಂದಳು.

ಉಚಿತ ಅಂದರೂ ರೀಚಾರ್ಜ್, ಕಷಾಯ, ನಿದ್ದೆ ನಿಮ್ಮದೇ ಖರ್ಚು. ಮಳೆಗಾಲದಲ್ಲಿ ಸೇರಬೇಡಿ, ಕರೆಂಟ್ ಹೋದರೆ ನೋಟ್‌ಬುಕ್ ಕಡಿದುಕೊಂಡು ಮಾಡಿದ್ದೆಲ್ಲ ಮೊದಲಿನಿಂದ ಓಡಿಸಬೇಕು. ನಡುನಡುವೆ ಫೈಲ್ ಉಳಿಸಿಕೊಳ್ಳಿ. ಮೊದಲ ದಿನವೇ ಮಾದರಿಗಳ ಪಟ್ಟಿ ಪೂರ್ತಿ ಇಳಿಸಿಕೊಂಡು ಅದರಲ್ಲಿ 'ಕಾಪಿಟ್ಟ ವಿಧಾನ' ಎಲ್ಲಿದೆ ಅಂತ ಹುಡುಕಿ. ನನ್ನ ಪಟ್ಟಿಯ ಪ್ರಿಂಟ್ ಈಗ ಉಪ್ಪರಿಗೆಯ ಗೋಡೆಯಲ್ಲಿದೆ, ಫೋನ್ ಚೀಲ ತೂಗುವ ಅದೇ ಮೊಳೆಗೆ ಸಿಕ್ಕಿಸಿದ್ದೇನೆ.