ಡಬ್ಬದ ಮೇಲಿನ ವ್ಯಾಟ್ ನೋಡಿ ಸ್ಪೀಕರ್, ರಿಸೀವರ್ ಜೋಡಿಸುವವರಿಗೆ ಒಂದು ಎಚ್ಚರಿಕೆ

ಸ್ಪೀಕರ್ 150 ವ್ಯಾಟ್ ತಾಳುತ್ತದೆ, ರಿಸೀವರ್ (ಸ್ಪೀಕರ್‌ಗಳನ್ನು ನುಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ಪ್ರತಿ ಚಾನೆಲ್‌ಗೆ, ಅಂದರೆ ಒಂದೊಂದು ಸ್ಪೀಕರಿನ ಸಾಲಿಗೆ, 150 ವ್ಯಾಟ್ ಕೊಡುತ್ತದೆ, ಇದಕ್ಕಿಂತ ಸರಿಯಾದ ಜೋಡಿ ಬೇರೆ ಇಲ್ಲ ಎಂದು ಮಾರಾಟಗಾರರು ಹೇಳಿದರೆ ದಯವಿಟ್ಟು ಅಲ್ಲಿಗೇ ಹಣ ಕೊಡಬೇಡಿ. ಇದೇ ಮಾತಿನ ಮೇಲೆ ನಮ್ಮ ಮನೆಗೆ ಬಂದ ಐದು ಸ್ಪೀಕರ್‌ಗಳ ಹೋಮ್ ಥಿಯೇಟರ್, ಸಂಭಾಷಣೆಯ ದೃಶ್ಯಗಳಲ್ಲಿ ಸೊಗಸಾಗಿಯೇ ಕೇಳಿಸುತ್ತಿತ್ತು. ಸ್ಫೋಟವೋ ಗುಡುಗೋ ಬಂದ ಕೂಡಲೇ ರಿಸೀವರ್ ತಾನಾಗಿ ಆಫ್ ಆಗಿ, ಮುಂಭಾಗದ ದೀಪವನ್ನು ಮಿಟುಕಿಸುತ್ತ ಕುಳಿತುಬಿಡುತ್ತಿತ್ತು. ಮಾರಿದವರು ಮೊದಲು ವಿದ್ಯುತ್ ಸಂಪರ್ಕವನ್ನು ದೂರಿದರು, ಆಮೇಲೆ ತಂತಿಯನ್ನು ದೂರಿದರು, ತಂತಿಯನ್ನೂ ಬದಲಿಸಿ ತಮ್ಮದೇ ಬೆಲೆ ಹಾಕಿದರು. ತೊಂದರೆ ಹಾಗೆಯೇ ಉಳಿಯಿತು, ಏಕೆಂದರೆ ಅದರ ಮೂಲ ತಂತಿಯಲ್ಲಿರಲಿಲ್ಲ, ಓಮ್‌ನಲ್ಲಿತ್ತು, ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆಯಲ್ಲಿತ್ತು.

ಆ ಸ್ಪೀಕರ್‌ಗಳ ಹಿಂಬದಿಯಲ್ಲಿ 4 ಓಮ್ ಎಂದು ಬರೆದಿತ್ತು. ಒಂದೇ ವೋಲ್ಟೇಜಿಗೆ 8 ಓಮ್ ಸ್ಪೀಕರ್ ಎಳೆಯುವ ಕರೆಂಟಿನ ಎರಡರಷ್ಟನ್ನು 4 ಓಮ್ ಸ್ಪೀಕರ್ ಎಳೆಯುತ್ತದೆ. ಅದೂ ಅಲ್ಲದೆ, ಬರೆದಿರುವ ಅಂಕಿ ಕೇವಲ ನಾಮಮಾತ್ರದ್ದು. ಈ ತಡೆ, ಅಂದರೆ ಇಂಪೀಡೆನ್ಸ್, ಆವರ್ತನಕ್ಕೆ ತಕ್ಕಂತೆ ಏರಿಳಿಯುವುದರಿಂದ, 4 ಓಮ್ ಎನ್ನುವ ಸ್ಪೀಕರ್ ಕೆಲವು ಸ್ವರಗಳಲ್ಲಿ 3 ಓಮ್‌ನ ಆಸುಪಾಸಿಗೂ ಇಳಿಯಬಹುದು. ಅಂತಹ ಐದನ್ನು ಒಂದೇ ವಿದ್ಯುತ್ ಪೂರೈಕೆಯನ್ನು ಹಂಚಿಕೊಂಡಿರುವ ರಿಸೀವರಿನ ಚಾನೆಲ್‌ಗಳಿಗೆ ಕಟ್ಟಿದರೆ, ಅದರ ರಕ್ಷಣಾ ಸರ್ಕ್ಯೂಟ್ ತನ್ನ ಕೆಲಸವನ್ನು ಮಾಡಿಯೇ ಮಾಡುತ್ತದೆ. ರಿಸೀವರಿನ ಕೈಪಿಡಿಯಲ್ಲಿ ಮುಂದಿನ ಎರಡು ಚಾನೆಲ್‌ಗಳಿಗೆ ಮಾತ್ರ, ಅದೂ ಸೆಟ್ಟಿಂಗ್ ಬದಲಿಸಿದ ಮೇಲೆ 4 ಓಮ್ ಸಲ್ಲುತ್ತದೆ, ಉಳಿದವಕ್ಕೆ 6 ಓಮ್‌ಗಿಂತ ಕಡಿಮೆ ಇರಬಾರದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ಆ ಕೈಪಿಡಿ ಕೈಗೆ ಸಿಗುವುದು ಡಬ್ಬ ತೆರೆದ ಮೇಲೆ, ಹಣ ಕೊಟ್ಟ ಮೇಲೆ.

ಎರಡನೆಯ ಹಾನಿ ಆದದ್ದು ದುರಸ್ತಿಯ ಹೆಸರಿನಲ್ಲಿ. ಅಂಗಡಿಯ ತಂತ್ರಜ್ಞರು ಬಂದು, ರಿಸೀವರಿನ ಇಂಪೀಡೆನ್ಸ್ ಸೆಟ್ಟಿಂಗ್ ಅನ್ನು 8ರಿಂದ 4ಕ್ಕೆ ಇಳಿಸಿ, ಸಮಸ್ಯೆ ಪರಿಹಾರವಾಯಿತು ಎಂದು ಹೊರಟರು. ಆಫ್ ಆಗುವುದು ನಿಂತದ್ದು ನಿಜ. ಆದರೆ ಸಾಮಾನ್ಯವಾಗಿ ಆ ಸೆಟ್ಟಿಂಗ್ ರಿಸೀವರಿಗೆ ಹೊಸ ಶಕ್ತಿಯನ್ನೇನೂ ಕೊಡುವುದಿಲ್ಲ. ಆಂಪ್ಲಿಫೈಯರಿಗೆ ಸಿಗುವ ವೋಲ್ಟೇಜನ್ನು ತಗ್ಗಿಸಿ ಅದು ಬಿಸಿಯಾಗದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ವೋಲ್ಟೇಜ್ ತಗ್ಗಿದಾಗ ಧ್ವನಿತರಂಗದ ತುದಿಗಳು ಬೇಗನೆ ಕತ್ತರಿಸಿಹೋಗುತ್ತವೆ, ಇದನ್ನೇ ಕ್ಲಿಪ್ಪಿಂಗ್ ಎನ್ನುತ್ತಾರೆ. ಕ್ಲಿಪ್ ಆದ ತರಂಗದಲ್ಲಿ ಮೂಲದಲ್ಲಿಲ್ಲದ ಹೆಚ್ಚಿನ ಆವರ್ತನಗಳು ಸೇರಿಕೊಂಡು ಸ್ಪೀಕರಿನೊಳಗೆ ಕೀಚುಸ್ವರಗಳನ್ನು ನುಡಿಸುವ ಚಿಕ್ಕ ಘಟಕವಾದ ಟ್ವೀಟರಿಗೆ ನೇರವಾಗಿ ಹೋಗುತ್ತವೆ, ಮತ್ತು ಟ್ವೀಟರಿನ ಸುರುಳಿ ತಾಳಬಲ್ಲ ಶಾಖ ಬಹಳ ಕಡಿಮೆ. ದೊಡ್ಡ ಆಂಪ್ಲಿಫೈಯರ್ ಮಾತ್ರ ಸ್ಪೀಕರನ್ನು ಸುಡುತ್ತದೆ ಎಂಬ ನಂಬಿಕೆ ಎಷ್ಟು ತಪ್ಪು ಎಂಬುದು, ನಮ್ಮ ಮುಂದಿನ ಬಲ ಸ್ಪೀಕರಿನ ಟ್ವೀಟರ್ ಸುಟ್ಟುಹೋದ ದಿನ ಮನೆಯವರೆಲ್ಲರಿಗೂ ತಿಳಿಯಿತು. ಸುಟ್ಟ ಸುರುಳಿಯನ್ನು ಸ್ಪೀಕರ್ ತಯಾರಕರು ತಪ್ಪು ಬಳಕೆ ಎಂದು ಪರಿಗಣಿಸಿ ವಾರಂಟಿಯನ್ನು ನಿರಾಕರಿಸಿದರು. ಮಾರಿದವರು ತಯಾರಕರತ್ತ ಬೆರಳು ತೋರಿಸಿದರು.

ಇನ್ನು ಆ 150 ವ್ಯಾಟ್. ವಿವರಣಾ ಪತ್ರದ ಸಣ್ಣ ಅಕ್ಷರಗಳ ಪ್ರಕಾರ ಅದು 6 ಓಮ್‌ಗೆ, 1 ಕಿಲೋಹರ್ಟ್ಸ್‌ನ ಒಂದೇ ಸ್ವರಕ್ಕೆ, ಒಂದೇ ಚಾನೆಲ್ ನುಡಿಯುವಾಗ, 10 ಶೇಕಡಾ ವಿರೂಪದೊಂದಿಗೆ ಅಳೆದದ್ದು. 10 ಶೇಕಡಾ ವಿರೂಪವೆಂದರೆ ಆಗಲೇ ಕ್ಲಿಪ್ ಆಗುತ್ತಿರುವ ಧ್ವನಿ. ಅದೇ ರಿಸೀವರ್ 8 ಓಮ್‌ಗೆ, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, ಎರಡು ಚಾನೆಲ್‌ಗಳಲ್ಲಿ 0.08 ಶೇಕಡಾ ವಿರೂಪದೊಳಗೆ ಕೊಡುವುದು 80 ವ್ಯಾಟ್ ಮಾತ್ರ, ಮತ್ತು ಐದೂ ಚಾನೆಲ್‌ಗಳು ಒಟ್ಟಿಗೆ ದುಡಿಯುವಾಗ ಅದೂ ಇಳಿಯುತ್ತದೆ. ಹಾಗೆ ನೋಡಿದರೆ 80ಕ್ಕೂ 150ಕ್ಕೂ ಕೇಳ್ಮೆಯ ಅಂತರ 3 ಡೆಸಿಬಲ್‌ಗಿಂತ ಕಡಿಮೆ, ಅಂದರೆ ಕಿವಿಗೆ ಅಲ್ಪವೇ. ಅಂಕಿಯಲ್ಲಿನ ಮೋಸಕ್ಕಿಂತಲೂ, ಅಂಕಿಯೇ ಮುಖ್ಯವೆಂದು ನಂಬಿಸಿದ್ದೇ ನನ್ನ ಲೆಕ್ಕದಲ್ಲಿ ದೊಡ್ಡ ಮೋಸ.

ವ್ಯಾಟ್‌ಗಿಂತ ಮೊದಲು ಕೇಳಬೇಕಾದದ್ದು ಸ್ಪೀಕರಿನ ಸೆನ್ಸಿಟಿವಿಟಿ, ಅಂದರೆ ಕೊಟ್ಟಷ್ಟು ವಿದ್ಯುತ್ತಿಗೆ ಅದು ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದು. ಇಲ್ಲಿಯೂ ಒಂದು ಮರೆಯಿದೆ. ನಮ್ಮ ಸ್ಪೀಕರಿಗೆ 87 ಡೆಸಿಬಲ್ ಎಂದು ಬರೆದಿದ್ದರು, ಆದರೆ ಅದನ್ನು ಅಳೆದದ್ದು 2.83 ವೋಲ್ಟ್ ಕೊಟ್ಟು, 1 ಮೀಟರ್ ದೂರದಲ್ಲಿ. 8 ಓಮ್‌ಗೆ 2.83 ವೋಲ್ಟ್ ಎಂದರೆ 1 ವ್ಯಾಟ್, 4 ಓಮ್‌ಗೆ 2 ವ್ಯಾಟ್. ಆದ್ದರಿಂದ 1 ವ್ಯಾಟ್‌ಗೆ ಅದರ ನಿಜವಾದ ಅಳತೆ 84 ಡೆಸಿಬಲ್. ತೆರೆದ ಜಾಗದಲ್ಲಿ ದೂರ ಎರಡರಷ್ಟಾದಾಗಲೆಲ್ಲ 6 ಡೆಸಿಬಲ್ ಕಳೆದುಹೋಗುತ್ತದೆ (ಕೋಣೆಯೊಳಗೆ ಗೋಡೆಗಳ ಪ್ರತಿಫಲನದಿಂದ ನಷ್ಟ ಸ್ವಲ್ಪ ಕಡಿಮೆ). ಈ ಲೆಕ್ಕದಲ್ಲಿ 4 ಮೀಟರ್ ದೂರ ಕುಳಿತವರಿಗೆ 95 ಡೆಸಿಬಲ್ ಕೇಳಿಸಬೇಕಾದರೆ ಆ ಸ್ಪೀಕರಿಗೆ ಸುಮಾರು 200 ವ್ಯಾಟ್ ಬೇಕು, 1 ವ್ಯಾಟ್‌ಗೆ 90 ಡೆಸಿಬಲ್ ಕೊಡುವ ಸ್ಪೀಕರಿಗೆ ಸುಮಾರು 50 ಸಾಕು.

ಈಗಾಗಲೇ ಇಂತಹ ಜೋಡಿಯನ್ನು ಕೊಂಡು ಸಿಕ್ಕಿಕೊಂಡಿರುವವರು ಮೊದಲು ಎಲ್ಲ ಸ್ಪೀಕರ್‌ಗಳನ್ನೂ ರಿಸೀವರಿನಲ್ಲಿ ‘ಸ್ಮಾಲ್’ ಎಂದು ಗುರುತಿಸಿ, 80 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಯನ್ನು ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರಿಗೆ ಬಿಟ್ಟುಕೊಡಿ; ರಿಸೀವರಿನ ಹೊರೆ ಗಣನೀಯವಾಗಿ ಇಳಿಯುತ್ತದೆ. ಅಷ್ಟರಲ್ಲಿ ತೀರದಿದ್ದರೆ ಪ್ರೀ-ಔಟ್ (ರಿಸೀವರಿನ ಆಂಪ್ಲಿಫೈಯರಿಗೆ ಹೋಗುವ ಮುನ್ನವೇ ಸಂಕೇತವನ್ನು ಹೊರಗೆ ಕೊಡುವ ಕಿಂಡಿ) ಮೂಲಕ, 4 ಓಮ್‌ಗೆ ಅಳತೆ ಕೊಟ್ಟಿರುವ ಪ್ರತ್ಯೇಕ ಪವರ್ ಆಂಪ್ಲಿಫೈಯರನ್ನು ಸೇರಿಸಬಹುದು. ಅಗ್ಗದ ರಿಸೀವರ್‌ಗಳಲ್ಲಿ ಸಾಮಾನ್ಯವಾಗಿ ಸಬ್‌ವೂಫರಿನದನ್ನು ಬಿಟ್ಟರೆ ಬೇರೆ ಪ್ರೀ-ಔಟ್ ಇರುವುದಿಲ್ಲ, ಹಾಗಾಗಿ ಕೊಳ್ಳುವ ಮುನ್ನವೇ ಹಿಂಬದಿಯ ಫಲಕವನ್ನು ಕಣ್ಣಾರೆ ನೋಡಿ. ತಯಾರಕರ ಜಾಲತಾಣಗಳಲ್ಲಿ ಕೈಪಿಡಿ ಬಹುಮಟ್ಟಿಗೆ ಉಚಿತವಾಗಿ ಸಿಗುತ್ತದೆ. ಪ್ರತಿ ಚಾನೆಲ್‌ಗೆ ಅನುಮತಿಸಿರುವ ಕನಿಷ್ಠ ಓಮ್ ಎಷ್ಟು ಎಂಬುದನ್ನು ಅದರಲ್ಲಿ ಓದಿ, ನೀವು ಆರಿಸಿದ ಸ್ಪೀಕರ್‌ಗಳು ಅದಕ್ಕೆ ಒಪ್ಪುತ್ತವೆ, ಒಪ್ಪದಿದ್ದರೆ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಮಾರಾಟಗಾರರಿಂದ ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ.