ಕರಾವಳಿಯ ಮನೆ ಕೊಳಕ್ಕೆ ಸಾಲ್ಟ್ ಕ್ಲೋರಿನೇಟರ್: ಎಂಟು ತಿಂಗಳಿಗೆ ಸೈ, ಮಳೆಗಾಲಕ್ಕೆ ಬೇಡ

ಪೈಪಿನ ನಡುವೆಯೇ ಕೂರುವ, ಉಪ್ಪು ನೀರಿನಿಂದ ಗಂಟೆಗೆ 20 ಗ್ರಾಂ ಕ್ಲೋರಿನ್ ತಯಾರಿಸುವ ಸಾಲ್ಟ್ ಕ್ಲೋರಿನೇಟರ್ 50,000 ಲೀಟರಿನ ಈಜುಕೊಳಕ್ಕೆ ಸರಿಯಾದ ಅಳತೆ. ಇಷ್ಟು ನೀರಿನಲ್ಲಿ 1 ಪಿಪಿಎಂ (ಹತ್ತು ಲಕ್ಷದಲ್ಲಿ ಒಂದು ಪಾಲು) ಎಂದರೆ 50 ಗ್ರಾಂ. ಏಪ್ರಿಲ್, ಮೇ ಬಿಸಿಲಿಗೆ ದಿನಕ್ಕೆ 2ರಿಂದ 4 ಪಿಪಿಎಂ ಖರ್ಚಾಗುತ್ತದೆ, ಅಂದರೆ 100ರಿಂದ 200 ಗ್ರಾಂ. 20 ಗ್ರಾಮಿನ ಯಂತ್ರ ಎಂಟು ತಾಸು ಓಡಿದರೆ 160 ಗ್ರಾಂ ಕೊಡುತ್ತದೆ. ಅಗ್ಗವೆಂದು 12 ಗ್ರಾಮಿನದನ್ನು ತಂದರೆ ಅಷ್ಟೇ ಕ್ಲೋರಿನ್ನಿಗೆ ಹದಿಮೂರು ತಾಸು ಪಂಪ್ ಓಡಬೇಕು. ನಡುವೆ ನಾಲ್ಕು ತಾಸು ಕರೆಂಟ್ ಹೋಯಿತೆಂದರೆ ಆ ದಿನದ ಲೆಕ್ಕ ಕೆಟ್ಟಿತು.

ಯಂತ್ರದಲ್ಲಿ ಕ್ಲೋರಿನ್ ಹುಟ್ಟುವ ಭಾಗವೇ ಸೆಲ್, ಅದರೊಳಗೆ ಲೇಪ ಹಚ್ಚಿದ ಟೈಟಾನಿಯಂ ತಗಡುಗಳಿರುತ್ತವೆ. ಉಪ್ಪು ಬೆರೆತ ನೀರು ಅವುಗಳ ನಡುವೆ ಹಾಯುವಾಗ ಒಂದು ತಗಡಿನಲ್ಲಿ ಕ್ಲೋರಿನ್, ಎದುರಿನದರಲ್ಲಿ ಹೈಡ್ರೋಜನ್ ಹುಟ್ಟುತ್ತದೆ. ಕ್ಲೋರಿನ್ ತನ್ನ ಕೆಲಸ ಮುಗಿಸಿ ಮತ್ತೆ ಉಪ್ಪಾಗುತ್ತದೆ. ಹಾಗಾಗಿ ಉಪ್ಪು ತೀರುವುದಿಲ್ಲ, ನೀರು ಹೊರಹೋದಾಗ ಅದರ ಜೊತೆ ಹೋಗುತ್ತದೆ ಅಷ್ಟೇ. ಇದನ್ನು ನೆನಪಿನಲ್ಲಿಡಿ, ಮಳೆಯ ಮಾತು ಬಂದಾಗ ಬೇಕಾಗುತ್ತದೆ.

ಯಂತ್ರದ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಪೈಪಿನ ಕೆಲಸದಿಂದ ಬಂದವು. ಮೊದಲನೆಯದು ಅಳತೆಯ ಗೊಂದಲ. ನಮ್ಮಲ್ಲಿ ತೋಟಕ್ಕೆ ಹಾಕುವ ಪೈಪಿನ ಹೊರವ್ಯಾಸ 63 ಮಿ.ಮೀ., ಮನೆ ಪ್ಲಂಬಿಂಗಿನ ಎರಡಿಂಚು ಪೈಪಿನದು 60.3 ಮಿ.ಮೀ. ಅಂಗಡಿಯಲ್ಲೂ ಪ್ಲಂಬರ್ ಬಾಯಲ್ಲೂ ಎರಡೂ ‘ಎರಡಿಂಚು’. 63ರ ಯೂನಿಯನ್ನಿಗೆ (ಬಿಚ್ಚಿ ಜೋಡಿಸಬಹುದಾದ ಕೂಡುಭಾಗ) 60.3ರ ಪೈಪು ತುರುಕಿ, ಸಂದಿಗೆ ಸಾಲ್ವೆಂಟ್ ಸುರಿದರೆ ಮೊದಲ ವಾರ ನಿಲ್ಲುತ್ತದೆ, ಆಮೇಲೆ ಸೋರುತ್ತದೆ. ಸಾಲ್ವೆಂಟ್ ಎರಡು ಮೈಗಳನ್ನು ಕರಗಿಸಿ ಬೆಸೆಯುವ ವಸ್ತು, ಸಂದಿ ತುಂಬುವ ಗಾರೆಯಲ್ಲ. ಸೆಲ್ಲಿನ ಯೂನಿಯನ್ ಅಳೆದ ಮೇಲೆಯೇ ಪೈಪು ತನ್ನಿ.

ಜಾಗದ ಕ್ರಮ ಹೀಗಿರಲಿ: ಪಂಪ್, ಸ್ಯಾಂಡ್ ಫಿಲ್ಟರ್, ಸೋಲಾರ್ ಹೀಟರ್ ಇದ್ದರೆ ಅದು, ಎಲ್ಲ ಮುಗಿದ ಮೇಲೆ ಸೆಲ್, ಅಲ್ಲಿಂದ ನೇರ ಕೊಳಕ್ಕೆ. ಹೀಟರಿಗಿಂತ ಮೊದಲು ಕೂರಿಸಿದರೆ ಗಾಢ ಕ್ಲೋರಿನ್ ನೀರು ತಾಮ್ರದ ಕೊಳವೆಯನ್ನು ತಿನ್ನುತ್ತದೆ. ಸೆಲ್ಲಿನ ಆಚೀಚೆ ಎರಡು ಬಾಲ್ ವಾಲ್ವ್, ಮೇಲಿನಿಂದ ಸುತ್ತಿ ಹೋಗುವ ಬೈಪಾಸಿನಲ್ಲಿ ಮೂರನೆಯದು. ನೀರು ಹರಿಯುತ್ತಿದೆಯೇ ಎಂದು ನೋಡುವ ಫ್ಲೋ ಸ್ವಿಚ್ಚಿನ ಬಾಣ ನೀರು ಹರಿಯುವ ದಿಕ್ಕಿಗೇ ಇರಬೇಕು, ಅದರ ಹಿಂದೆ ಕನಿಷ್ಠ 30 ಸೆಂ.ಮೀ. ನೇರ ಪೈಪು ಬಿಡಿ. ಎಲ್ಬೋ ಪಕ್ಕದಲ್ಲೇ ಇಟ್ಟರೆ ನೀರು ಸುಳಿದು ಸ್ವಿಚ್ಚು ನಡುಗುತ್ತದೆ, ಪಂಪ್ ಓಡುತ್ತಿದ್ದರೂ ಯಂತ್ರ ‘ಹರಿವು ಇಲ್ಲ’ ಎನ್ನುತ್ತದೆ. ಸ್ವಿಚ್ಚಿನ ಬದಲು ಅನಿಲ ಗುರುತಿಸುವ ಕಡ್ಡಿ ಇರುವ ಸೆಲ್ಲುಗಳೂ ಉಂಟು. ಅವನ್ನು ಅಡ್ಡಡ್ಡ ಮಲಗಿಸಿ, ಕಡ್ಡಿ ಮೇಲ್ಮುಖವಾಗಿರಲಿ.

ಅಂಟಿಸುವ ಮೊದಲು ಎಲ್ಲವನ್ನೂ ಒಣದಾಗಿಯೇ ಜೋಡಿಸಿ ನೋಡಿ. ಕೊಯ್ದ ಅಂಚಿನ ಮುಳ್ಳು ತೆಗೆದು, ಪ್ರೈಮರ್ ಬಳಿದು, ಎರಡೂ ಮೈಗೆ ಸಾಲ್ವೆಂಟ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ, ಅರ್ಧ ನಿಮಿಷ ಬಿಗಿ ಹಿಡಿಯಿರಿ. ನಮ್ಮ ತೇವದ ಗಾಳಿಗೆ ಪೂರ್ತಿ ಒಂದು ದಿನ ಕಳೆಯದೆ ಪಂಪ್ ಹಾಕಬೇಡಿ. ಯೂನಿಯನ್ನಿಗೆ ಟೆಫ್ಲಾನ್ ಟೇಪು ಬೇಡ, ಅಲ್ಲಿ ನೀರು ತಡೆಯುವುದು ರಬ್ಬರ್ ಉಂಗುರ. ಅದಕ್ಕೆ ಸಿಲಿಕೋನ್ ಗ್ರೀಸ್ ಸವರಿ ಕೈಯಲ್ಲೇ ಬಿಗಿ ಮಾಡಿ. ಪೈಪ್ ರೆಂಚ್ ಹಾಕಿದರೆ ಸೆಲ್ಲಿನ ಕುತ್ತಿಗೆ ಸೀಳುತ್ತದೆ.

ವೈರಿಂಗಿನಲ್ಲಿ ಒಂದು ತಪ್ಪು ಪ್ರಾಣಕ್ಕೇ ಬಂದೀತು. ಕಂಟ್ರೋಲ್ ಬಾಕ್ಸನ್ನು ಮನೆಯ ಇನ್ವರ್ಟರಿಗೆ, ಪಂಪನ್ನು ಹೆಸ್ಕಾಂ ಲೈನಿಗೆ ಕೊಟ್ಟರೆ, ಕರೆಂಟ್ ಹೋದಾಗ ಪಂಪ್ ನಿಂತರೂ ಸೆಲ್ ಬದುಕಿರುತ್ತದೆ. ಫ್ಲೋ ಸ್ವಿಚ್ಚು ಅಂಟಿಕೊಂಡಿದ್ದರೆ ನಿಂತ ನೀರಿನಲ್ಲಿ ಹೈಡ್ರೋಜನ್ ತುಂಬಿ ಸೆಲ್ ಸಿಡಿಯಬಹುದು. ಪಂಪಿನ ಟೈಮರ್ ದಾಟಿ ಬಂದ ಲೈನಿನಿಂದಲೇ ಯಂತ್ರಕ್ಕೆ ಕರೆಂಟ್ ಕೊಡಿಸಿ. ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್ ಇಲ್ಲದೆ ಕೆಲಸ ಒಪ್ಪಿಕೊಳ್ಳಬೇಡಿ.

ಉಪ್ಪು 3,200 ಪಿಪಿಎಂ ಬೇಕು. ಕಡಲ ನೀರಿನಲ್ಲಿ ಸುಮಾರು 35,000 ಇರುತ್ತದೆ, ಕೊಳದ್ದು ಅದರ ಹತ್ತರಲ್ಲೊಂದು ಪಾಲೂ ಅಲ್ಲ, ಕಣ್ಣು ಉರಿಯುವುದಿಲ್ಲ. 50,000 ಲೀಟರಿಗೆ 160 ಕೆ.ಜಿ. ಆದರೆ ಸುರಿಯುವ ಮೊದಲು ಬಾವಿ ನೀರನ್ನು ಅಳೆಯಿರಿ. ಕುಮಟಾ, ಅಂಕೋಲೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಅಂಚಿನ ಮನೆಗಳಲ್ಲಿ ಬೇಸಿಗೆಯ ಬಾವಿ ನೀರಿಗೆ ಮೊದಲೇ ಉಪ್ಪಿನಂಶ ಇರುತ್ತದೆ, ಹೆಚ್ಚಾದ ಉಪ್ಪನ್ನು ತೆಗೆಯಲು ನೀರು ಚೆಲ್ಲುವುದೊಂದೇ ದಾರಿ. ಗೋಕರ್ಣದ ಬಳಿಯ ಸಾಣಿಕಟ್ಟೆಯ ಉಪ್ಪು ಹತ್ತಿರದಲ್ಲೇ ಸಿಗುತ್ತದೆ, ಅಡುಗೆಗೂ ಉಪ್ಪಿನಕಾಯಿಗೂ ಅದರ ರುಚಿಯೇ ಬೇರೆ. ಕೊಳಕ್ಕೆ ಮಾತ್ರ ಅದು ಸಲ್ಲದು, ಉಪ್ಪಿನ ಗದ್ದೆಯ ಮಣ್ಣು, ಮೆಗ್ನೀಷಿಯಂ, ಕ್ಯಾಲ್ಸಿಯಂ ಎಲ್ಲ ಸೆಲ್ಲಿನ ತಗಡಿಗೆ ಅಂಟುತ್ತವೆ. ಅಯೋಡಿನ್ ಇಲ್ಲದ, ಶುದ್ಧೀಕರಿಸಿದ, ಗಟ್ಟಿಯಾಗದಂತೆ ಪುಡಿ ಬೆರೆಸದ ಉಪ್ಪೇ ಬೇಕು. ಯಂತ್ರ ಆರಿಸಿಟ್ಟು, ಪಂಪ್ ಓಡಿಸುತ್ತ, ಕೊಳದ ಸುತ್ತ ಹರಡಿ ಸುರಿದು ಒಂದು ದಿನ ಬಿಡಿ.

ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ಕಬ್ಬಿಣದಂಶವೂ ಇರುತ್ತದೆ. ಕ್ಲೋರಿನ್ ತಗುಲಿದೊಡನೆ ನೀರು ಚಹಾದ ಬಣ್ಣಕ್ಕೆ ತಿರುಗುವುದು ಅದರಿಂದ. ಉಪ್ಪಿಗಿಂತ ಮೊದಲು ದ್ರವ ಕ್ಲೋರಿನ್ ಹಾಕಿ, ಕಬ್ಬಿಣವನ್ನು ಫಿಲ್ಟರಿನಲ್ಲಿ ಹಿಡಿದು, ಬ್ಯಾಕ್‌ವಾಶ್ ಮಾಡಿ (ಫಿಲ್ಟರಿಗೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆದು) ಕಳೆಯಿರಿ.

ಇನ್ನು ಮಳೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಸರಾಸರಿ 1.2 ಮೀಟರ್ ಆಳದ ತೆರೆದ ಕೊಳಕ್ಕೆ 100 ಮಿ.ಮೀ. ಸುರಿದರೆ ಹನ್ನೆರಡರಲ್ಲಿ ಒಂದು ಪಾಲು ನೀರು ಉಕ್ಕಿ ಹೋಗುತ್ತದೆ. 2,500 ಮಿ.ಮೀ. ಬಿದ್ದು ಬೆರೆತು ಉಕ್ಕುವಷ್ಟರಲ್ಲಿ 3,200 ಇದ್ದ ಉಪ್ಪು 400ರ ಆಸುಪಾಸಿಗೆ ಇಳಿದಿರುತ್ತದೆ. ಮಳೆಯ ನಡುವೆ ಮೂಟೆ ಮೂಟೆ ಸುರಿಯುವುದು ಉಪ್ಪನ್ನು ಗಟಾರಕ್ಕೆ ಎಸೆದಂತೆ. ಮೇ ನಡುವಿನಿಂದ ಉಪ್ಪು ಸೇರಿಸುವುದನ್ನು ನಿಲ್ಲಿಸಿ. ಜೂನ್‌ನಲ್ಲಿ ಸೆಲ್ ಬಿಚ್ಚಿ, ತೊಳೆದು, ಒಳಗಿಡಿ. ಆ ಜಾಗಕ್ಕೆ ಖಾಲಿ ಕೊಳವೆ ಹಾಕಿ ನಾಲ್ಕು ತಿಂಗಳು ದ್ರವ ಕ್ಲೋರಿನ್ನಿನಲ್ಲಿ ನಡೆಸಿ. ಮಾಡು ಇರುವ ಕೊಳಕ್ಕೆ ಈ ತಾಪತ್ರಯವಿಲ್ಲ.

ಶಿರಸಿ ಕಡೆಯವರು ಇನ್ನೊಂದು ಲೆಕ್ಕ ಹಾಕಬೇಕು. ಒಂದು ಬ್ಯಾಕ್‌ವಾಶಿಗೆ 500 ಲೀಟರ್ ಹೋದರೆ 1.6 ಕೆ.ಜಿ. ಉಪ್ಪು ಹೋಯಿತು. ಆ ನೀರು ಅಡಿಕೆ, ಕಾಳುಮೆಣಸಿನ ಬುಡಕ್ಕೆ ಹರಿಯಬಾರದು, ಬಾವಿಯ ಕಡೆಗಂತೂ ಬೇಡವೇ ಬೇಡ. ತೋಟದ ತಗ್ಗಿನಲ್ಲಿ ಕೊಳ ಕಟ್ಟಿಸಿ ನೀರು ಬಿಡಲು ಬೇರೆ ಜಾಗವಿಲ್ಲ ಎನ್ನುವವರು ಈ ಯಂತ್ರದ ಆಸೆ ಬಿಡುವುದೇ ಒಳ್ಳೆಯದು.

ಪಿಎಚ್ ಏರುತ್ತಲೇ ಇರುತ್ತದೆ. ಹೈಡ್ರೋಜನ್ ಗುಳ್ಳೆಗಳು ನೀರಿನ ಇಂಗಾಲದ ಡೈಆಕ್ಸೈಡನ್ನು ಹೊರಹಾಕುವುದು ಅದಕ್ಕೆ ಕಾರಣ. ಆಲ್ಕಲಿನಿಟಿಯನ್ನು (ಆ್ಯಸಿಡ್ ತಡೆದುಕೊಳ್ಳುವ ನೀರಿನ ಗುಣ) 60–80 ಪಿಪಿಎಂನಲ್ಲಿ ಇಟ್ಟರೆ ಏರಿಕೆ ನಿಧಾನವಾಗುತ್ತದೆ, ಆದರೂ ವಾರಕ್ಕೊಮ್ಮೆ ಆ್ಯಸಿಡ್ ತಪ್ಪದು. ಬಿಸಿಲಿನ ಕೊಳಕ್ಕೆ, ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸಯನೂರಿಕ್ ಆ್ಯಸಿಡ್ 30–50 ಪಿಪಿಎಂ ಇರಲಿ, ಇಲ್ಲವಾದರೆ ಹಗಲು ತಯಾರಾದದ್ದೆಲ್ಲ ಸಂಜೆಯೊಳಗೆ ಆರಿಹೋಗುತ್ತದೆ.

ಯಂತ್ರ ‘ಉಪ್ಪು ಕಡಿಮೆ’ ಎಂದ ಕೂಡಲೇ ಮೂಟೆ ಬಿಚ್ಚಬೇಡಿ. ತಗಡಿನ ಮೇಲೆ ಬಿಳಿ ಪದರ ಕಟ್ಟಿದರೂ, ಸೆಲ್ ಹಳೆಯದಾದರೂ ಅದು ಹೀಗೆಯೇ ತೋರಿಸುತ್ತದೆ. ಬೇರೆ ಮೀಟರಿನಲ್ಲಿ ಅಳೆದು, 3,000 ದಾಟಿದ್ದರೆ ಸೆಲ್ ಬಿಚ್ಚಿ ನೋಡಿ. ಪದರ ಇದ್ದರೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಹೈಡ್ರೋಕ್ಲೋರಿಕ್ ಆ್ಯಸಿಡ್ ಹೊಯ್ದು (ನೀರಿಗೆ ಆ್ಯಸಿಡ್, ಆ್ಯಸಿಡಿಗೆ ನೀರಲ್ಲ) ನೊರೆ ನಿಲ್ಲುವವರೆಗೆ ಮಾತ್ರ ನೆನೆಸಿ. ಸ್ಕ್ರೂಡ್ರೈವರಿನಿಂದ ಕೆರೆದರೆ ಲೇಪ ಹೋಗುತ್ತದೆ, ಲೇಪ ಹೋದ ಸೆಲ್ ಮತ್ತೆ ಕ್ಲೋರಿನ್ ಕೊಡದು. ಕೊಳ್ಳುವಾಗಲೇ ಬದಲಿ ಸೆಲ್ಲಿನ ಬೆಲೆ ಬರೆಸಿಕೊಳ್ಳಿ, ಸೆಲ್ಲಿನಷ್ಟೇ ಉದ್ದದ ಖಾಲಿ ಕೊಳವೆಯನ್ನೂ ಒಂದು ಜೊತೆ ರಬ್ಬರ್ ಉಂಗುರವನ್ನೂ ಅದೇ ಬಿಲ್ಲಿನಲ್ಲಿ ಸೇರಿಸಿಕೊಳ್ಳಿ.