ನಿಮ್ಮ ಆಟವನ್ನು ಬೇರೆಯವರ ಅಕೌಂಟ್‌ನಲ್ಲಿ ಬಿಡಬೇಡಿ

ಕಂಪ್ಯೂಟರ್ ಆಟಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಸಣ್ಣ ಆಟ ಬಿಡುಗಡೆ ಮಾಡಬೇಕು ಅಂತಿದ್ದೀರಾ? ಯಾರಾದರೂ ಬಂದು "ನಿಮಗ್ಯಾಕೆ ತಲೆನೋವು, ನಮ್ಮ ಅಕೌಂಟ್‌ನಲ್ಲೇ ಹಾಕಿಕೊಡ್ತೀವಿ" ಅಂದಿದ್ದಾರಾ? ಸಹಿ ಹಾಕುವ ಮೊದಲು ಇದನ್ನು ಪೂರ್ತಿ ಓದಿ. ನಾನು ಓದದೆ, ಯಾರನ್ನೂ ಕೇಳದೆ ಸಹಿ ಹಾಕಿದೆ. ಮೂರು ವರ್ಷ ಕೂತು ಮಾಡಿದ ಆಟ ಇವತ್ತು ನನ್ನ ಕೈಯಲ್ಲಿಲ್ಲ.

ಆಟದ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮಪ್ಪ ಬೆಂಗಳೂರಿನಲ್ಲಿ 31 ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ಆಟದಲ್ಲಿ ನೀವೇ ಕಂಡಕ್ಟರ್. ಮೆಜೆಸ್ಟಿಕ್ ಬಿಟ್ಟು, ಕಾರ್ಪೊರೇಷನ್, ಲಾಲ್‌ಬಾಗ್ ದಾಟಿ ಜಯನಗರ ನಾಲ್ಕನೇ ಬ್ಲಾಕ್ ಸೇರುವಷ್ಟರಲ್ಲಿ ಎಲ್ಲರಿಗೂ ಟಿಕೆಟ್ ಕೊಟ್ಟಿರಬೇಕು. ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡಬೇಕು. ಅವರು ಇಳಿಯುವ ಮೊದಲು ನೆನಪಿಟ್ಟುಕೊಂಡು ವಾಪಸ್ ಕೊಡಬೇಕು. ಚಿತ್ರಗಳೆಲ್ಲ ನನ್ನ ತಂಗಿಯವು. 44 ಪ್ರಯಾಣಿಕರನ್ನು ಬಿಡಿಸಿದಳು, ಒಬ್ಬರ ಮುಖ ಇನ್ನೊಬ್ಬರಿಗಿಲ್ಲ. ಧ್ವನಿ ಅಪ್ಪನದು. ಬೀರುವಿನ ಬಾಗಿಲು ತೆಗೆದು, ಸೀರೆಗಳ ನಡುವೆ ಮೈಕ್ ಇಟ್ಟು, "ರೈಟ್, ರೈಟ್", "ಒಳಗಡೆ ಹೋಗ್ರೀ, ಒಳಗೆ ಖಾಲಿ ಇದೆ", "ಯಾರ್ರೀ ಟಿಕೆಟ್" ಎಲ್ಲವನ್ನೂ ಒಂದು ಭಾನುವಾರ ರೆಕಾರ್ಡ್ ಮಾಡಿದೆವು. ಆಫೀಸ್ ಮುಗಿಸಿ ಬಂದು, ಊಟ ಮಾಡಿ, ರಾತ್ರಿ ಹತ್ತರಿಂದ ಒಂದರವರೆಗೆ ಗೊಡೊ ಅನ್ನುವ ಆಟ ಮಾಡುವ ಸಾಫ್ಟ್‌ವೇರ್‌ನಲ್ಲಿ ಕೆಲಸ. ಹಾಗೆ ಮೂರು ವರ್ಷ.

2024ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನವೇ ಬಿಡಬೇಕು ಅಂತ ಆಸೆ. ಆದರೆ ಸ್ಟೀಮ್‌ನ ನಿಯಮಗಳನ್ನು ನಾನು ಸರಿಯಾಗಿ ಓದಿದ್ದು ಅಕ್ಟೋಬರ್ 5ಕ್ಕೆ. ಒಂದು ಆಟಕ್ಕೆ 100 ಡಾಲರ್ ಶುಲ್ಕ, ಆಗಿನ ಲೆಕ್ಕದಲ್ಲಿ ಸುಮಾರು 8,400 ರೂಪಾಯಿ. ಆಟ 1,000 ಡಾಲರ್ ವ್ಯಾಪಾರ ಮಾಡಿದರೆ ಅದು ವಾಪಸ್ ಬರುತ್ತದೆ. ಶುಲ್ಕ ಕಟ್ಟಿದ ದಿನದಿಂದ 30 ದಿನ ಕಾಯಬೇಕು. ಆಟ ಬರಲಿದೆ ಅಂತ ತೋರಿಸುವ 'ಕಮಿಂಗ್ ಸೂನ್' ಪುಟ ಕನಿಷ್ಠ ಎರಡು ವಾರ ಜನರಿಗೆ ಕಾಣುವಂತಿರಬೇಕು. ಪುಟವನ್ನೂ ಬಿಲ್ಡನ್ನೂ (ಜನ ಇಳಿಸಿಕೊಂಡು ಆಡುವ ಆಟದ ಫೈಲುಗಳು) ಅವರು ಬೇರೆ ಬೇರೆಯಾಗಿ ಪರಿಶೀಲಿಸುತ್ತಾರೆ, ಅದಕ್ಕೂ ಕೆಲವು ದಿನ ಬೇಕು. ಎಣಿಸಿ ನೋಡಿದರೆ ನವೆಂಬರ್ 4ಕ್ಕೆ ಮೊದಲು ಸಾಧ್ಯವೇ ಇರಲಿಲ್ಲ. ಅದರ ಮೇಲೆ ಅಮೆರಿಕದ ಟ್ಯಾಕ್ಸ್ ಫಾರ್ಮ್, ಹೊರದೇಶದ ಹಣ ಬರಲು ಬೇಕಾದ ಬ್ಯಾಂಕಿನ ಸ್ವಿಫ್ಟ್ ಕೋಡ್ ಅಂತೆಲ್ಲ ನೋಡಿ ನನಗೆ ಭಯವಾಯಿತು.

ಆಗಲೇ ಗೆಳೆಯನೊಬ್ಬ ಒಬ್ಬರನ್ನು ಪರಿಚಯ ಮಾಡಿಸಿದ. ಸಣ್ಣ ಪಬ್ಲಿಷರ್, ಅಂದರೆ ಬೇರೆಯವರು ಮಾಡಿದ ಆಟ ಬಿಡುಗಡೆ ಮಾಡಿ ಮಾರುವವರು, ಇಲ್ಲೇ ಬೆಂಗಳೂರಿನವರು. ಕೋರಮಂಗಲದಲ್ಲಿ ಒಂದು ಕಾಫಿ ಅಂಗಡಿಯಲ್ಲಿ ಕೂತು ಮಾತಾಡಿದೆವು. ಮನುಷ್ಯ ತುಂಬಾ ಚೆನ್ನಾಗಿ ಮಾತಾಡುತ್ತಿದ್ದರು. ಅಪ್ಪನ ಧ್ವನಿ ಕೇಳಿ ನಿಜವಾಗಲೂ ಖುಷಿಪಟ್ಟರು. "ಶುಲ್ಕ ಕಟ್ಟಿರೋ ಜಾಗ ನಮ್ಮ ಅಕೌಂಟ್‌ನಲ್ಲಿ ಖಾಲಿ ಇದೆ ಗುರು. 30 ದಿನ ಯಾವತ್ತೋ ಮುಗಿದಿದೆ. ಒಂದನೇ ತಾರೀಖಿಗೆ ಬಿಡೋಣ, ಟ್ಯಾಕ್ಸು ಬ್ಯಾಂಕು ಎಲ್ಲ ನಮಗೆ ಬಿಡಿ" ಅಂದರು. ಕರಾರು ಫೋನಿಗೇ ಬಂತು, ಇಂಗ್ಲಿಷ್‌ನಲ್ಲಿ ಮೂರು ಪುಟ. ಬೆರಳಲ್ಲೇ ಸಹಿ ಹಾಕಿ ಕಳಿಸಿದೆ.

ಮೂರು ದಿನ ಉಳಿಸೋಕೆ ನಾನು ಮಾಡಿದ್ದು ಇದು. ಹೆಚ್ಚೆಂದರೆ ಒಂದು ವಾರ ತಡವಾಗುತ್ತಿತ್ತು, ಅಷ್ಟೇ.

ಅವತ್ತು ನನಗೆ ಗೊತ್ತಿಲ್ಲದಿದ್ದ ವಿಷಯ ಒಂದೇ. ಸ್ಟೀಮ್‌ನ ಕಣ್ಣಿಗೆ ಆಟ ಮಾಡಿದವರು ಯಾರು ಅನ್ನೋದು ಮುಖ್ಯ ಅಲ್ಲ. ಆಟ ಯಾರ ಪಾರ್ಟ್‌ನರ್ ಅಕೌಂಟ್‌ನಲ್ಲಿದೆಯೋ (ಸ್ಟೀಮ್‌ನಲ್ಲಿ ಆಟ ಮಾರಲು ತೆರೆಯುವ ಅಕೌಂಟ್) ಅವರ ಮಾತೇ ನಡೆಯುವುದು. ಬೆಲೆ ಇಡುವವರು ಅವರು, ಡಿಸ್ಕೌಂಟ್ ಹಾಕುವವರು ಅವರು, ಕೀ, ಅಂದರೆ ಸ್ಟೀಮ್‌ನಲ್ಲಿ ಹಾಕಿದರೆ ಆಟ ಸಿಗುವ ಕೋಡ್, ತೆಗೆಯುವವರು ಅವರು. ದುಡ್ಡು ಹೋಗುವುದೂ ಅವರ ಬ್ಯಾಂಕಿಗೇ. ನನಗೆ ಕೊಟ್ಟಿದ್ದು ಪುಟದ ಬರಹ ತಿದ್ದುವ, ಬಿಲ್ಡ್ ಅಪ್‌ಲೋಡ್ ಮಾಡುವ ಅನುಮತಿ ಮಾತ್ರ. ಮಾರಾಟದ ಲೆಕ್ಕ ನೋಡುವ ಅನುಮತಿ ಇರಲಿಲ್ಲ. ಅಪ್‌ಲೋಡ್ ಮಾಡಿದ್ದನ್ನು ಜನರಿಗೆ ತಲುಪಿಸುವ ಅನುಮತಿಯೂ ಇರಲಿಲ್ಲ.

ಆ ಎರಡನೆಯದರ ಅರ್ಥ ಏನು ಅಂತ ಬಿಡುಗಡೆಯ ದಿನವೇ ಗೊತ್ತಾಯಿತು. ನವೆಂಬರ್ 1, ಶುಕ್ರವಾರ. ಮಧ್ಯಾಹ್ನದ ಹೊತ್ತಿಗೆ ಮೊದಲ ದೂರು ಬಂತು: ಆಟ ನಿಂತುಹೋಗುತ್ತಿದೆ. ಹುಡುಕಿದೆ. ಪ್ರಯಾಣಿಕರು 500ರ ನೋಟು ಕೊಟ್ಟಾಗ, ಚೀಲದಲ್ಲಿ ಹತ್ತರ ನೋಟು ಒಂದೂ ಇಲ್ಲದಿದ್ದರೆ, ಚಿಲ್ಲರೆ ಜೋಡಿಸುವ ಲೂಪ್ ಕೊನೆಯಾಗುತ್ತಲೇ ಇರಲಿಲ್ಲ. ತಪ್ಪು ನನ್ನದೇ. ಇಪ್ಪತ್ತು ನಿಮಿಷದಲ್ಲಿ ಸರಿ ಮಾಡಿ ಹೊಸ ಬಿಲ್ಡ್ ಅಪ್‌ಲೋಡ್ ಮಾಡಿದೆ. ಆದರೆ ಅದನ್ನು ಲೈವ್ ಮಾಡುವ ಗುಂಡಿ ನನ್ನ ಕೈಯಲ್ಲಿಲ್ಲ. 2023ರಲ್ಲಿ ಕೆಲವು ಡೆವಲಪರ್‌ಗಳ ಅಕೌಂಟ್‌ಗೆ ಕಳ್ಳರು ನುಗ್ಗಿ ಅಪ್‌ಡೇಟ್ ಹೆಸರಲ್ಲಿ ಮಾಲ್‌ವೇರ್ ಕಳಿಸಿದ್ದರು. ಆ ವರ್ಷ ಅಕ್ಟೋಬರ್ 24ರಿಂದ, ಬಿಡುಗಡೆಯಾದ ಆಟದ ಬಿಲ್ಡ್ ಬದಲಿಸಬೇಕೆಂದರೆ ಅಕೌಂಟ್‌ಗೆ ಸೇರಿಸಿದ ಫೋನಿಗೆ ಬರುವ ಕೋಡ್ ಹಾಕಬೇಕು. ನಿಯಮ ಒಳ್ಳೆಯದೇ. ಆದರೆ ಆ ಫೋನ್ ಪಬ್ಲಿಷರ್ ಜೇಬಿನಲ್ಲಿತ್ತು. ಪಬ್ಲಿಷರ್ ದೀಪಾವಳಿಗೆ ಊರಿಗೆ ಹೋಗಿದ್ದರು.

ನೆನಪಿದೆ ಅಲ್ವಾ, 2024ರಲ್ಲಿ ರಾಜ್ಯೋತ್ಸವ ಬಂದಿದ್ದೇ ದೀಪಾವಳಿಯ ನಡುವೆ. ಶುಕ್ರವಾರ ಹನ್ನೊಂದು ಸಲ ಫೋನ್ ಮಾಡಿದೆ. ಶನಿವಾರ ಬಲಿಪಾಡ್ಯಮಿ. "ಹಬ್ಬ ಮುಗಿಸಿ ನೋಡ್ತೀನಿ" ಅಂತ ಒಂದು ಮೆಸೇಜ್ ಬಂತು. ಸರಿ ಮಾಡಿದ ಬಿಲ್ಡ್ ಜನರಿಗೆ ಸಿಕ್ಕಿದ್ದು ಮಂಗಳವಾರ ಸಂಜೆ.

ನಾಲ್ಕು ದಿನ ಏನು ಮಹಾ ಅನ್ನಿಸಬಹುದು. ವಿಶ್‌ಲಿಸ್ಟ್ ಮಾಡಿದವರಿಗೆಲ್ಲ, ಅಂದರೆ ಆಮೇಲೆ ಕೊಳ್ಳೋಣ ಅಂತ ಪಟ್ಟಿಗೆ ಸೇರಿಸಿಕೊಂಡವರಿಗೆಲ್ಲ, "ಆಟ ಬಂದಿದೆ" ಅಂತ ಇಮೇಲ್ ಹೋಗುವುದು ಬಿಡುಗಡೆಯ ಹೊತ್ತಿನಲ್ಲಿ, ಒಂದೇ ಸಲ. ಅವತ್ತು ಬಂದವರು ನೋಡಿದ್ದು ನಿಂತುಹೋಗುವ ಆಟ. ಕೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ನನ್ನ ಆಟ ಇರುವುದೇ ಒಂದೂವರೆ ಗಂಟೆ. ದುಡ್ಡು ಕೊಟ್ಟು ಕೊಂಡವರ ರಿವ್ಯೂ ಹತ್ತಾದ ಮೇಲೆ ಪುಟದಲ್ಲಿ ಒಟ್ಟು ಅಂಕ ಕಾಣಲು ಶುರುವಾಗುತ್ತದೆ. ನನಗೆ ಮೊದಲ ವಾರ 14 ಬಂದವು, ಎಂಟರಲ್ಲಿ ಬೈಗುಳ. ಪುಟದ ಮೇಲೆ 'ಮಿಕ್ಸೆಡ್' ಅಂತ ಬಿತ್ತು. ನೆಂಟರು, ಸ್ನೇಹಿತರು ಇಪ್ಪತ್ತು ಜನ ಪ್ರೀತಿಯಿಂದ ಬರೆದಿದ್ದರು. ಅವರಿಗೆಲ್ಲ ನಾನು ಫ್ರೀ ಕೀ ಕೊಡಿಸಿದ್ದೆ. ಕೀ ಹಾಕಿ ಆಟ ಪಡೆದವರ ರಿವ್ಯೂ 2016ರಿಂದಲೇ ಆ ಅಂಕಕ್ಕೆ ಸೇರುವುದಿಲ್ಲ. ನಿಮ್ಮವರಿಗೆ ದಯವಿಟ್ಟು ಕೀ ಕೊಡಬೇಡಿ. 199 ರೂಪಾಯಿ ಕೊಟ್ಟು ಕೊಳ್ಳಿ ಅಂತ ಸಂಕೋಚ ಬಿಟ್ಟು ಕೇಳಿ.

ಕೀ ಬಗ್ಗೆ ಇನ್ನೊಂದು ಮಾತು. ಆಟ ಬಂದ ಮರುದಿನದಿಂದ ಇಮೇಲ್‌ಗಳ ಸುರಿಮಳೆ. ಕ್ಯುರೇಟರ್ ಅಂದರೆ ಸ್ಟೀಮ್‌ನಲ್ಲಿ ಬೇರೆಯವರಿಗೆ ಆಟ ಶಿಫಾರಸು ಮಾಡುವವರು. "ನಾನು ಕ್ಯುರೇಟರ್, ಐದು ಕೀ ಕಳಿಸಿ", "ನನ್ನ ಚಾನೆಲ್‌ಗೆ ಲಕ್ಷ ಜನ ಇದ್ದಾರೆ, ಮೂರು ಕಳಿಸಿ". ಇವುಗಳಲ್ಲಿ ಜಾಸ್ತಿ ಮೋಸ. ಕೀ ಇಸ್ಕೊಂಡು ಬೇರೆ ಸೈಟ್‌ಗಳಲ್ಲಿ ಮಾರಿಬಿಡುತ್ತಾರೆ. ನಿಜವಾದ ಕ್ಯುರೇಟರ್‌ಗಳಿಗೆ ಕೀ ಇಲ್ಲದೆಯೇ ಆಟ ಕಳಿಸಲು ಸ್ಟೀಮ್‌ನಲ್ಲೇ ಕ್ಯುರೇಟರ್ ಕನೆಕ್ಟ್ ಅಂತ ದಾರಿ ಇದೆ, ಅದನ್ನೇ ಬಳಸಿ. ನಾನು ಆ ಇಮೇಲ್ ಯಾವುದಕ್ಕೂ ಉತ್ತರ ಕೊಡಲಿಲ್ಲ. ಆದರೂ ಜನವರಿಯಲ್ಲಿ ಗೆಳೆಯನೊಬ್ಬ ಸ್ಕ್ರೀನ್‌ಶಾಟ್ ಕಳಿಸಿದ. ನನ್ನ ಆಟದ ಕೀ ಯಾವುದೋ ಸೈಟ್‌ನಲ್ಲಿ 35 ರೂಪಾಯಿಗೆ. ವಿಚಾರಿಸಿದರೆ, ಪಬ್ಲಿಷರ್ ಸಾವಿರಾರು ಕೀ ತೆಗೆದು, ಹಲವು ಆಟಗಳನ್ನು ಒಟ್ಟಿಗೆ ಅಗ್ಗವಾಗಿ ಮಾರುವ ಯಾವುದೋ ಬಂಡಲ್‌ಗೆ ಕೊಟ್ಟಿದ್ದರು. ನನ್ನನ್ನು ಕೇಳಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಕರಾರಿನಲ್ಲಿ ಹಾಗೇ ಇತ್ತು. ಡಿಸೆಂಬರ್‌ನ ವಿಂಟರ್ ಸೇಲ್‌ನಲ್ಲಿ 85 ಪರ್ಸೆಂಟ್ ಕಡಿತ ಹಾಕಿದ್ದೂ ನನಗೆ ಗೊತ್ತಾಗಿದ್ದು ಪುಟ ತೆರೆದಾಗಲೇ. ಎರಡು ತಿಂಗಳೂ ತುಂಬದ ಆಟ ಅದು.

ಇನ್ನು ದುಡ್ಡು. ಒಂದು ತಿಂಗಳ ಮಾರಾಟದ ಹಣವನ್ನು ಸ್ಟೀಮ್ ಮುಂದಿನ ತಿಂಗಳ ಕೊನೆಗೆ ಕಳಿಸುತ್ತದೆ. ನವೆಂಬರ್ ಹಣ ಡಿಸೆಂಬರ್ ಕೊನೆಗೆ ಬಂದಿರಬೇಕು. ನನಗೆ ಲೆಕ್ಕ ಬಂದಿದ್ದು ಮಾರ್ಚ್‌ನಲ್ಲಿ, ಒಂದು ಎಕ್ಸೆಲ್ ಶೀಟಿನ ಫೋಟೋ. ಸ್ಟೀಮ್‌ನ 30 ಪರ್ಸೆಂಟ್ ಕಳೆದಿದ್ದರು. ಟ್ಯಾಕ್ಸ್ ಕಳೆದಿದ್ದರು. ಕೆಳಗೆ ಒಂದೇ ಸಾಲು: ಪ್ರಚಾರದ ಖರ್ಚು, 62,000 ರೂಪಾಯಿ. ಒಂದು ಬಿಲ್ಲೂ ಇಲ್ಲ. ಖರ್ಚು ವಸೂಲಾದ ಮೇಲೆ ಉಳಿದದ್ದು ಅರ್ಧ ಅರ್ಧ ಅಂತ ಕರಾರು. ಖರ್ಚಿಗೆ ಮಿತಿ ಎಷ್ಟು ಅಂತ ಬರೆದಿರಲಿಲ್ಲ. ಹಾಗಾಗಿ ನನ್ನ ಪಾಲು ಸೊನ್ನೆ. ಎಷ್ಟು ಮಾರಿದೆ, ಯಾವ ದೇಶದಲ್ಲಿ, ಎಷ್ಟು ವಾಪಸ್ ಬಂದಿದೆ ಅನ್ನುವ ಪೂರ್ತಿ ವರದಿ ಅವರ ಅಕೌಂಟ್‌ನಲ್ಲಿರುತ್ತದೆ, ಫೈಲ್ ಮಾಡಿ ಇಳಿಸಿಕೊಡಬಹುದು. ಕೇಳಿದೆ, ಇವತ್ತಿನವರೆಗೂ ಕೊಟ್ಟಿಲ್ಲ.

ಅಪ್ಪ ಪ್ರತಿದಿನ ರಾತ್ರಿ ಊಟಕ್ಕೆ ಕೂತಾಗ ಕೇಳುತ್ತಿದ್ದರು, "ಇವತ್ತು ಎಷ್ಟು ಟಿಕೆಟ್ ಹೋಯ್ತಪ್ಪಾ?" 31 ವರ್ಷ ದಿನಾ ಡಿಪೋದಲ್ಲಿ ಪೈಸೆ ಪೈಸೆ ಲೆಕ್ಕ ಒಪ್ಪಿಸಿದ ಮನುಷ್ಯ. ಗೊತ್ತಿಲ್ಲ ಅಂತ ಹೇಳಬೇಕಾಗಿ ಬರುತ್ತಿತ್ತು. ಕೆಲವು ದಿನ ಆದಮೇಲೆ ಕೇಳುವುದು ನಿಲ್ಲಿಸಿದರು.

ಏಪ್ರಿಲ್‌ನಲ್ಲಿ ಒಬ್ಬ ವಕೀಲರ ಹತ್ತಿರ ಹೋದೆ. ಮೂರೂ ಪುಟ ನಿಧಾನವಾಗಿ ಓದಿ, ಮೊದಲು ಕೇಳಿದ್ದು "ಎಷ್ಟು ವರ್ಷಕ್ಕೆ ಕೊಟ್ಟಿದ್ದೀರಿ?" ಅಂತ. ಅವಧಿ ಅನ್ನುವುದೇ ಅದರಲ್ಲಿ ಇರಲಿಲ್ಲ. 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಅಂತಲೇ ಲೆಕ್ಕ. ಜಾಗ ಹೇಳದಿದ್ದರೆ ಭಾರತಕ್ಕೆ ಮಾತ್ರ. ಆದರೆ ನನ್ನದರಲ್ಲಿ "ಜಗತ್ತಿನಾದ್ಯಂತ" ಅಂತ ಸ್ಪಷ್ಟವಾಗಿ ಬರೆದಿತ್ತು. ಕರಾರು ಮುರಿಯುವುದು ಹೇಗೆ ಅನ್ನುವ ಸಾಲು ಎಲ್ಲೂ ಇರಲಿಲ್ಲ. ತಂಗಿಯ ಚಿತ್ರ, ಅಪ್ಪನ ಧ್ವನಿ ಎಲ್ಲವೂ "ಆಟದ ಎಲ್ಲ ಭಾಗಗಳು" ಅನ್ನುವ ಎರಡು-ಮೂರು ಪದದಲ್ಲಿ ಹೋಗಿಬಿಟ್ಟಿತ್ತು. ಅವರಿಬ್ಬರನ್ನು ನಾನು ಕೇಳಿಯೂ ಇರಲಿಲ್ಲ. ಅದು ನನಗೆ ಈಗಲೂ ಚುಚ್ಚುತ್ತದೆ.

ಸ್ಟೀಮ್‌ನಲ್ಲಿ ಒಂದು ಅಕೌಂಟ್‌ನಿಂದ ಇನ್ನೊಂದಕ್ಕೆ ಆಟ ವರ್ಗಾಯಿಸಬಹುದು. ಕೊಂಡವರು, ರಿವ್ಯೂ, ವಿಶ್‌ಲಿಸ್ಟ್ ಎಲ್ಲ ಜೊತೆಗೇ ಬರುತ್ತದೆ. ಆದರೆ ಈಗ ಇಟ್ಟುಕೊಂಡಿರುವವರು ಒಪ್ಪಲೇಬೇಕು. ಇವರು ಒಪ್ಪುವುದಕ್ಕೆ "ಬಾಕಿ ಖರ್ಚು ಕೊಡಿ" ಅನ್ನುತ್ತಿದ್ದಾರೆ.

ಎಲ್ಲ ಪಬ್ಲಿಷರ್‌ಗಳೂ ಹೀಗೆ ಅಂತ ನಾನು ಹೇಳುತ್ತಿಲ್ಲ. ಒಳ್ಳೆಯವರ ಜೊತೆ ಕೆಲಸ ಮಾಡಿದ ಗೆಳೆಯರಿದ್ದಾರೆ. ಆದರೆ ಪುಟದಲ್ಲಿ ಪಬ್ಲಿಷರ್ ಹೆಸರು ಹಾಕಬೇಕೆಂದರೆ ಆಟ ಅವರ ಅಕೌಂಟ್‌ನಲ್ಲೇ ಇರಬೇಕು ಅಂತೇನಿಲ್ಲ. ನಿಮ್ಮ ಅಕೌಂಟ್‌ನಲ್ಲೇ ಇಟ್ಟುಕೊಂಡು ಅವರಿಗೆ ಬೇಕಾದಷ್ಟು ಅನುಮತಿ ಕೊಡಬಹುದು, ಅವರ ಪಾಲನ್ನು ನೀವೇ ಕಳಿಸಬಹುದು. ಇದಕ್ಕೆ ಒಪ್ಪದಿದ್ದರೆ ಯಾಕೆ ಅಂತ ಕೇಳಿ. ಅವರ ಅಕೌಂಟ್‌ನಲ್ಲೇ ಆಗಬೇಕು ಅಂತಾದರೆ, ಮಾರಾಟದ ವರದಿ ತಿಂಗಳಿಗೊಮ್ಮೆ ಫೈಲ್ ರೂಪದಲ್ಲಿ, ಖರ್ಚಿಗೆ ಮಿತಿ, ಬಂಡಲ್‌ಗೆ ನಿಮ್ಮ ಒಪ್ಪಿಗೆ, ಬಿಲ್ಡ್ ಲೈವ್ ಮಾಡುವ ಅನುಮತಿ, ಕರಾರು ಮುಗಿದ ದಿನವೇ ವರ್ಗಾವಣೆ, ಇಷ್ಟೂ ಬರಹದಲ್ಲಿ ಇರಲಿ. ಬಾಯಿಮಾತು ಬೇಡ.

ನಾನು ಹೆದರಿದ್ದ ಆ ಫಾರ್ಮ್‌ಗಳ ವಿಷಯ ಹೇಳಿಬಿಡುತ್ತೇನೆ. ಕಳೆದ ತಿಂಗಳು ನನ್ನ ಹೆಸರಲ್ಲೇ ಅಕೌಂಟ್ ತೆರೆದೆ. ಕಂಪನಿ ಬೇಕಿಲ್ಲ. ಟ್ಯಾಕ್ಸ್ ಪ್ರಶ್ನೆಗಳನ್ನು ತುಂಬಲು ಒಂದು ಸಂಜೆ ಸಾಕಾಯಿತು. ಪ್ಯಾನ್ ನಂಬರ್ ಕೊಟ್ಟು ಭಾರತ-ಅಮೆರಿಕ ತೆರಿಗೆ ಒಪ್ಪಂದ ಅನ್ವಯಿಸಿದರೆ, ಅಮೆರಿಕದ ಮಾರಾಟದ ಮೇಲೆ ಹಿಡಿಯುವ ತೆರಿಗೆ 30ರ ಬದಲು 15 ಪರ್ಸೆಂಟ್. ಹೆಸರು ಪ್ಯಾನ್‌ನಲ್ಲಿ, ಬ್ಯಾಂಕಿನಲ್ಲಿ, ಅಕೌಂಟ್‌ನಲ್ಲಿ ಒಂದೇ ಥರ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದರೂ ತೊಂದರೆ. ರಾಜಾಜಿನಗರದ ನಮ್ಮ ಬ್ರಾಂಚಿಗೆ ಸ್ವಂತ ಸ್ವಿಫ್ಟ್ ಕೋಡ್ ಇರಲಿಲ್ಲ. ಅಲ್ಲಿನ ಮೇಡಂ ಒಬ್ಬರು ಫೋನ್ ಮಾಡಿ ದೊಡ್ಡ ಬ್ರಾಂಚಿನ ಕೋಡ್ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಹೊರಗಿನಿಂದ ಹಣ ಬಂದಾಗ ಅದು ಯಾತಕ್ಕೆ ಬಂತು ಅಂತ ಹೇಳುವ ಪರ್ಪಸ್ ಕೋಡ್ ಕೇಳುತ್ತೇವೆ, ಆಗ ಬನ್ನಿ ಅಂದರು. ಅಷ್ಟೇ. ಇಷ್ಟಕ್ಕೆ ಹೆದರಿ ನಾನು ಮೂರು ವರ್ಷದ ಕೆಲಸ ಕೊಟ್ಟುಬಿಟ್ಟೆ.

ವಕೀಲರ ನೋಟಿಸ್ ಹೋಗಿ ಮೂರು ವಾರ ಆಯಿತು, ಉತ್ತರ ಬಂದಿಲ್ಲ. ಇಂಥದೇ ಕರಾರು ಕೈಯಲ್ಲಿ ಹಿಡಿದು ಕೂತಿರುವವರು ಯಾರಾದರೂ ಇದ್ದರೆ ಸಹಿ ಹಾಕುವ ಮೊದಲು ನನಗೊಂದು ಮೆಸೇಜ್ ಮಾಡಿ. ಆಫೀಸ್ ಮುಗಿದ ಮೇಲೆ ಯಾವ ಹೊತ್ತಾದರೂ ಸರಿ, ಜೊತೆಗೆ ಕೂತು ಓದೋಣ.